ಗಂಗರತ್ನಮ್ಮ ಮುಚ್ಚಿಟ್ಟ ತೂಕ

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಹೊಡೆದುಕೊಂಡರೆ ಗಂಗರತ್ನಮ್ಮನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಅದು ಪವಿತ್ರಳ ಫೋನು. ಆಲಸನತ್ತಂನ ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಎತ್ತರ ತೂಕ ನೋಡಿ, ತೂಕ ಅತಿಯಾದವರ ಮನೆಗೆ ವಾರಕ್ಕೊಮ್ಮೆ ಫೋನು ಮಾಡಿ ಏನು ಉಣಿಸಬೇಕು, ಏನು ಬಿಡಿಸಬೇಕು ಎಂದು ಹೇಳುವುದು ಆ ಹುಡುಗಿಯ ಕೆಲಸ. ಗಂಗರತ್ನಮ್ಮನ ಮೊಮ್ಮಗಳು, ಏಳು ವರ್ಷದ ಭಾನು ಆ ಪಟ್ಟಿಯಲ್ಲಿದ್ದಳು. ಮಗ ಮುನೀಶ್, ಸೊಸೆ ಮುನಿಲಕ್ಷ್ಮಿ ಇಬ್ಬರೂ ಫ್ಯಾಕ್ಟರಿಗೆ ಹೋಗುವವರು. ಅಲ್ಲಿ ಗೇಟಿನಲ್ಲೇ ಫೋನು ಒಪ್ಪಿಸಿ ಒಳಗೆ ಕಾಲಿಡಬೇಕು. ಹಾಗಾಗಿ ಮುನಿಲಕ್ಷ್ಮಿ ಅತ್ತೆಯ ನಂಬರನ್ನೇ ಬರೆಸಿ ಬಂದಿದ್ದಳು. ಮಗುವಿಗೆ ಬಡಿಸುವ ಕೈ ಹೇಗೂ ಅತ್ತೆಯದೇ.

ಪವಿತ್ರ ಕೇಳುತ್ತಿದ್ದುದು ನಾಲ್ಕೇ ಮಾತು. ಮಗು ಏನು ತಿಂದಳು, ಎಷ್ಟು ಆಡಿದಳು, ಎಷ್ಟು ಹೊತ್ತು ಟಿವಿ ಮುಂದೆ ಕೂತಳು, ಇವತ್ತಿನ ತೂಕ ಎಷ್ಟು. ತೂಕ ನೋಡುವುದಕ್ಕೆ ಅವರೇ ಕೊಟ್ಟ ಯಂತ್ರ ಮಂಚದ ಕೆಳಗಿತ್ತು.

"ಏನೂ ತಿನ್ನಾಕಿಲ್ಲ ಕಣವ್ವ, ಗುಬ್ಬಚ್ಚಿ ತಿಂದಂಗೆ ತಿಂತಾಳೆ" ಎಂದು ಗಂಗರತ್ನಮ್ಮ ಶುರುಮಾಡುತ್ತಿದ್ದಳು. ಆ ಗುಬ್ಬಚ್ಚಿ ತುಪ್ಪ ಸವರಿದ ನಾಲ್ಕು ದೋಸೆ ಮುಗಿಸಿ ಶಾಲೆಗೆ ಹೋಗಿ ಎರಡು ಗಂಟೆಯಾಗಿರುತ್ತಿತ್ತು. ಇನ್ನು ತೂಕ. ಯಂತ್ರ ಮೂವತ್ತನಾಲ್ಕು ತೋರಿಸಿದರೆ ಇವಳು ಮೂವತ್ತೊಂದು ಎಂದಳು. ಮೂವತ್ತೈದು ದಾಟಿದಾಗ ಮೂವತ್ತು ಎಂದಳು. ಮಗು ಮೇಲೇರಿದಷ್ಟೂ ಅಜ್ಜಿಯ ಬಾಯಲ್ಲಿ ಕೆಳಗಿಳಿಯುತ್ತಿತ್ತು.

ಸುಳ್ಳು ಹೇಳುವುದು ಅವಳ ಹುಟ್ಟುಗುಣ ಎಂದುಕೊಂಡರೆ ತಪ್ಪು. ಗುಮ್ಮಳಾಪುರದಲ್ಲಿ ಬಾಳುತ್ತಿದ್ದಾಗ ಅವಳಿಗೆ ಮುನೀಶನಿಗಿಂತ ಮೊದಲು ಒಂದು ಹೆಣ್ಣುಮಗು ಇತ್ತು. ಎರಡು ವರ್ಷದ್ದು, ಕೆನ್ನೆ ತುಂಬಿಕೊಂಡು ದುಂಡಗಿತ್ತು. ಕೆಲಮಂಗಲದ ಸಂತೆಯಲ್ಲಿ ತರಕಾರಿ ಮಾರುವ ಆದಿಲಕ್ಷ್ಮಮ್ಮ ತಮಾಷೆಗೆಂದು ಅದನ್ನು ತಕ್ಕಡಿಯಲ್ಲಿ ಕೂರಿಸಿ, ಹದಿಮೂರು ಕಿಲೋ ಎಂದು ಸಂತೆಗೆಲ್ಲ ಕೇಳುವಂತೆ ಕೂಗಿದ್ದಳು. ಎಲ್ಲರೂ ನಕ್ಕಿದ್ದರು, ಗಂಗರತ್ನಮ್ಮನೂ ನಕ್ಕಿದ್ದಳು. ಹದಿನೈದು ದಿನ ಕಳೆಯುವುದರೊಳಗೆ ಜ್ವರ ಬಂದು ಮಗು ಹೋಯಿತು. ಅಂದಿನಿಂದ ಮಗುವಿನ ತೂಕವನ್ನು ಬಾಯಿಬಿಟ್ಟು ಹೇಳುವುದೆಂದರೆ ಅದರ ಆಯಸ್ಸನ್ನು ಎತ್ತಿ ಊರಿಗೆ ಕೊಟ್ಟ ಹಾಗೆ ಎಂಬುದು ಅವಳ ರಕ್ತದಲ್ಲೇ ಸೇರಿಹೋಯಿತು. ಪವಿತ್ರ ಒಳ್ಳೆಯ ಹುಡುಗಿಯೇ ಇರಬಹುದು. ಆದರೆ ಆದಿಲಕ್ಷ್ಮಮ್ಮನೂ ಕೆಟ್ಟವಳಾಗಿರಲಿಲ್ಲ.

ಅತ್ತ ಪವಿತ್ರಳಿಗೆ ಹಿಗ್ಗೋ ಹಿಗ್ಗು. ಶಾಲೆ ತೆರೆದಾಗ ಮೂವತ್ತಮೂರಿದ್ದ ಮಗು ಐದು ತಿಂಗಳಲ್ಲಿ ಮೂವತ್ತಕ್ಕೆ ಇಳಿದಿದ್ದಾಳೆ ಎಂದು ಬರೆದುಕೊಂಡು, "ನೀವೇ ಎಲ್ಲಾರ್ಗೂ ಮಾದರಿ ಅಜ್ಜಿ" ಎಂದಳು. ಮುನಿಲಕ್ಷ್ಮಿ ಆ ಸುದ್ದಿಯನ್ನು ಫ್ಯಾಕ್ಟರಿಯಲ್ಲಿ ಜೊತೆಯವರಿಗೆಲ್ಲ ಹೇಳಿಕೊಂಡಳು. ಯೂನಿಫಾರ್ಮಿನ ಸೊಂಟ ಬಿಗಿಯಾದಾಗ, ಒಗೆದು ಒಗೆದು ಬಟ್ಟೆ ಕುಗ್ಗಿದೆ ಎಂದುಕೊಂಡು ಹೊಲಿಗೆ ಬಿಚ್ಚಿದಳು.

ಬಚ್ಚಲಿನಲ್ಲಿ ನೀರು ಹಾಕುವ ಗಂಗರತ್ನಮ್ಮನಿಗೆ ಮಾತ್ರ ಇನ್ನೊಂದು ಕಾಣುತ್ತಿತ್ತು. ಭಾನುವಿನ ಕತ್ತಿನ ಹಿಂದೆ ಕಪ್ಪು ಕಟ್ಟುತ್ತಿತ್ತು. ಕಡಲೆಹಿಟ್ಟು ಹಚ್ಚಿ ಉಜ್ಜಿದಳು, ಹೋಗಲಿಲ್ಲ. ತೆಂಗಿನ ನಾರಿನಲ್ಲಿ ಉಜ್ಜಿದಳು.

"ಉರೀತದೆ ಅಜ್ಜಿ, ಬಿಡು" ಎಂದು ಮಗು ಅತ್ತಿತು.

"ಕೊಳೆ ಕಣೆ, ಸುಮ್ಕಿರು."

ಕಾರ್ತಿಕದ ಒಂದು ಶುಕ್ರವಾರ ಎಂದಿನಂತೆ ಮಾತು ಮುಗಿದ ಮೇಲೆ ಪವಿತ್ರ ಎಲ್ಲ ಮನೆಗಳಿಗೂ ಒಂದು ವಾಯ್ಸ್ ಮೆಸೇಜ್ ಕಳಿಸಿದಳು. ಗಂಗರತ್ನಮ್ಮ ಸೊಪ್ಪು ಬಿಡಿಸುತ್ತ ಅದನ್ನು ಒತ್ತಿದಳು. "ಮಕ್ಕಳ ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಗೆ ದಪ್ಪಗೆ ಆಗಿದ್ರೆ ಅದು ಕೊಳೆ ಅಲ್ಲ, ಉಜ್ಜಬೇಡಿ. ತೂಕ ಜಾಸ್ತಿ ಇರೋ ಮಕ್ಕಳಲ್ಲಿ ಅದು ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನೋ ಗುರುತು. ಕಂಡ್ರೆ ತಡ ಮಾಡದೆ ನಂಗೆ ಹೇಳಿ."

ಸೊಪ್ಪು ಕೈಯಲ್ಲೇ ಉಳಿಯಿತು. ಮತ್ತೆ ಒತ್ತಿದಳು. ನಾಲ್ಕನೇ ಸಲ ಕೇಳುವಷ್ಟರಲ್ಲಿ ಅವಳ ಕಣ್ಣ ಮುಂದೆ ಬಂದು ನಿಂತದ್ದು ಗಂಡ ಚಿನ್ನಸ್ವಾಮಿಯ ಕುತ್ತಿಗೆ. ಅವನದೂ ಹೀಗೇ ಕಪ್ಪಗಿತ್ತು. ಹೊಲದ ಬಿಸಿಲು ಎಂದುಕೊಂಡು ಅದನ್ನೂ ಅವಳೇ ಉಜ್ಜಿದ್ದಳು. ಆಮೇಲೆ ಸಕ್ಕರೆ ಕಾಯಿಲೆ ಎಂದರು, ಕೃಷ್ಣಗಿರಿಯಲ್ಲಿ ಕಾಲು ತೆಗೆದರು, ಮರುವರ್ಷ ಅವನೂ ಇಲ್ಲವಾದ. ಹೇಳಿದರೆ ದೃಷ್ಟಿ, ಹೇಳದಿದ್ದರೆ ಸಕ್ಕರೆ. ಎರಡು ಕಡೆಯೂ ಸಾವೇ ಕೂತಿರುವ ಹಾಗೆ ಕಂಡಿತು. ದೇವರ ಮುಂದೆ ನಿಂತಳು, ಏನು ಬೇಡಬೇಕೆಂದು ತೋಚಲಿಲ್ಲ.

ಕೊನೆಗೆ ಬಾಗಿಲ ಅಗಳಿ ಹಾಕಿ, ಎರಡು ಕಿಟಕಿಯನ್ನೂ ಮುಚ್ಚಿ, ಪವಿತ್ರಳಿಗೆ ಫೋನು ಮಾಡಿದಳು.

"ಅವ್ವ, ನಮ್ ಭಾನು ಕತ್ತು ಕಪ್ಪಗದೆ."

"ಎಷ್ಟು ದಿನದಿಂದ ಅಜ್ಜಿ? ತೂಕ ಇಳೀತಾ ಇದ್ಯಲ್ಲ ಅವಳ್ದು."

ಗಂಗರತ್ನಮ್ಮ ಮುಚ್ಚಿದ ಕಿಟಕಿಯ ಕಡೆ ನೋಡಿದಳು. "ಇಳಿದಿಲ್ಲ ಕಣವ್ವ. ನಾನು ಸುಳ್ಳು ಹೇಳ್ತಿದ್ದೆ."

"ಹಂಗಾದ್ರೆ ಈಗ ಎಷ್ಟಿದಾಳೆ?"

ಗಂಗರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅದರ ಸಂದಿನಿಂದ ಪಿಸುಗುಟ್ಟಿದಳು. "ಮೂವತ್ತೇಳು."

ಬೈಗುಳ ಬರುತ್ತದೆಂದು ಕಾದಳು, ಬರಲಿಲ್ಲ. "ನಾಳೆ ಬೆಳಿಗ್ಗೆ ಏನೂ ತಿನ್ನಿಸ್ದೆ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ" ಎಂದಷ್ಟೇ ಪವಿತ್ರ ಹೇಳಿದಳು. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಸಂಜೆ ಮುನಿಲಕ್ಷ್ಮಿ ಎಲ್ಲವನ್ನೂ ಕೇಳಿ ಟಿಫಿನ್ ಡಬ್ಬಿ ಹಿಡಿದುಕೊಂಡೇ ಹೊಸಲಿನ ಮೇಲೆ ಕೂತುಬಿಟ್ಟಳು. "ಊರೋರ್ಗೆ ಹೇಳ್ದಿದ್ರೆ ಹೋಗ್ಲಿ ಅತ್ತೆ. ನಂಗೂ ಹೇಳ್ಬಾರ್ದಾಗಿತ್ತಾ?" ಹೆತ್ತವಳ ಕಣ್ಣೂ ಬೀಳುತ್ತದೆ ಎಂದು ತಾನು ನಂಬಿದ್ದನ್ನು ಗಂಗರತ್ನಮ್ಮ ಯಾವ ಬಾಯಲ್ಲಿ ಹೇಳುವುದು?

ಮರುದಿನ ರಕ್ತ ಕೊಟ್ಟರು. ಎರಡು ದಿನ ಕಾದರು. ಆ ಎರಡು ದಿನ ಗಂಗರತ್ನಮ್ಮ ದೋಸೆಯ ಹೆಂಚು ಮುಟ್ಟಲಿಲ್ಲ, ಭಾನು ದೋಸೆ ಎಲ್ಲಿ ಎಂದು ಕೇಳಿದಳು. ವರದಿ ಬಂತು. ಕಾಯಿಲೆ ಇನ್ನೂ ಹಿಡಿದಿಲ್ಲ, ಆದರೆ ಹೊಸಲಿಗೆ ಬಂದು ನಿಂತಿದೆ. ಈಗಿನಿಂದ ಊಟ ತಿದ್ದಿದರೆ, ಮಗು ಓಡಾಡಿದರೆ ಹಿಂದಕ್ಕೆ ಕಳಿಸಬಹುದು.

"ಆದ್ರೆ ನೀವು ನಿಜ ಹೇಳ್ಬೇಕು ಅಜ್ಜಿ" ಎಂದಳು ಪವಿತ್ರ. "ತಪ್ಪು ತೂಕ ಇಟ್ಕೊಂಡು ನಾನು ಫೋನಲ್ಲಿ ಏನ್ ಹೇಳಿದ್ರೂ ಆ ಮಗಿಗೆ ಮುಟ್ಟಲ್ಲ."

ಮುಂದಿನ ಶುಕ್ರವಾರ ಹನ್ನೊಂದಕ್ಕೆ ಫೋನು ಬಂತು. ಒಂದೂವರೆ ದೋಸೆ, ಪಲ್ಯ, ಸಂಜೆ ಬೀದಿಯಲ್ಲಿ ಒಂದು ಗಂಟೆ ಆಟ, ಎಲ್ಲವನ್ನೂ ಗಂಗರತ್ನಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ತೂಕ ಕೇಳಿದಾಗ ಕಣ್ಣು ಮುಚ್ಚಿಕೊಂಡಳು. "ಮೂವತ್ತಾರೂವರೆ" ಎಂದಳು, ಈ ಸಲ ಸೆರಗಿಲ್ಲದೆ.

ಫೋನಿಟ್ಟ ಮೇಲೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಒಲೆ ಆರಿಸಿ, ಬೀಗ ಹಾಕಿ, ಉರಿಬಿಸಿಲಲ್ಲಿ ಶಾಲೆಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ನಡಿಗೆ ಓಟವಾಯಿತು.

"ಏನಮ್ಮ ಈ ಹೊತ್ನಾಗೆ?" ಎಂದ ಗೇಟಿನ ದಾಸಪ್ಪ.

"ಸುಮ್ನೆ ಬಂದೆ."

ಊಟದ ಗಂಟೆ ಹೊಡೆಯಿತು. ಮಕ್ಕಳು ಹೊರಗೆ ನುಗ್ಗಿದರು. ಭಾನು ಕಾಣಲಿಲ್ಲ. ಇನ್ನಷ್ಟು ಮಕ್ಕಳು ಬಂದರು, ಅವರಲ್ಲೂ ಅವಳಿಲ್ಲ. ಗಂಗರತ್ನಮ್ಮ ಗೇಟಿನ ಸರಳು ಹಿಡಿದುಕೊಂಡಳು, ಹೇಳಿಬಿಟ್ಟೆನಲ್ಲ ತಾಯಿ, ಹೇಳಿಬಿಟ್ಟೆನಲ್ಲ ಎಂದು ತುಟಿ ಅಲ್ಲಾಡುತ್ತಿತ್ತು. ಕೊನೆಗೆ ಎಲ್ಲರ ಹಿಂದೆ ಏದುಸಿರು ಬಿಡುತ್ತ ಭಾನು ಮೆಟ್ಟಿಲಿಳಿದು ಬಂದಳು.

"ಯಾಕಜ್ಜಿ ಬಂದೆ?"

ಗಂಗರತ್ನಮ್ಮ ಸರಳಿನ ನಡುವೆ ಕೈ ತೂರಿಸಿ ಅವಳ ಹಣೆ ಮುಟ್ಟಿದಳು. ಬೆವರಿತ್ತು, ತಣ್ಣಗಿತ್ತು. "ಏನಿಲ್ಲ. ಹೋಗ್, ಆಡ್ಕೋ" ಎಂದಳು.

ಆಮೇಲಿನ ಶುಕ್ರವಾರವೂ ಅವಳು ನಿಜವಾದ ತೂಕವನ್ನೇ ಹೇಳಿದಳು. ಹೇಳಿ ಮುಗಿಸಿ, ಮನೆಗೆ ಬೀಗ ಹಾಕಿ, ಶಾಲೆಯ ದಾರಿ ಹಿಡಿದಳು.