ರಟ್ಟಿನ ಮೇಲೆ ನಿಲ್ಲದ ಜನ

ಬೆಳಿಗ್ಗೆ ಆರೂಕಾಲು. ಚನ್ನಪಟ್ಟಣದ ಈ ಗೊಂಬೆ ಶೆಡ್ಡಿನಲ್ಲಿ ಮಿಷಿನ್ನುಗಳ ಸದ್ದು ಇನ್ನೂ ಶುರುವಾಗಿಲ್ಲ. ಮಾರಮ್ಮ ಹಾಲೆಮರದ ತುಂಡುಗಳನ್ನು ಮಂಕರಿಗೆ ತುಂಬಿ ತಲೆಗೇರಿಸುತ್ತಿದ್ದಾರೆ. ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಮುನಿರತ್ನಮ್ಮ ಖಾಲಿ ಪೆಟ್ಟಿಗೆಯ ರಟ್ಟು ಹರಡಿಕೊಂಡು, ಇದ್ದಿಲ ಚೂರನ್ನು ಮುಷ್ಟಿಯಲ್ಲಿ ಹಿಡಿದು, ಭುಜದಿಂದ ಕೈ ಬೀಸುತ್ತಾರೆ. ನಾಲ್ಕೇ ಬೀಸು. ಬಾಗಿದ ಸೊಂಟ, ಏಳುವ ಮಂಡಿ, ಮಂಕರಿ ಎತ್ತುವ ತೋಳು ರಟ್ಟಿನ ಮೇಲೆ ಬಂದೇಬಿಡುತ್ತವೆ. ಮುಖಕ್ಕೆ ಕಣ್ಣು ಮೂಗು ಒಂದೂ ಇಲ್ಲ. ಆದರೂ ಅದು ಮಾರಮ್ಮನೇ ಅಂತ ಯಾರು ಬೇಕಾದರೂ ಹೇಳಬಹುದು.

ನಾನು ಬಂದಿರುವುದು ಈ ಚಿತ್ರಗಳ ಬಗ್ಗೆ ಬರೆಯಲು. ಕೈ ಗೀಚುತ್ತಿದ್ದರೂ ಮುನಿರತ್ನಮ್ಮನಿಗೆ ಇವತ್ತು ಚಿತ್ರದ ಕಡೆ ಗ್ಯಾನವೇ ಇಲ್ಲ. ಒಂಬತ್ತಕ್ಕೆ ಇವರನ್ನು ಮಾಲೀಕ ಅಸದುಲ್ಲಾ ಹದಿನಾಲ್ಕು ತಿಂಗಳ ಮೇಲೆ ಮತ್ತೆ ಮರ ಕಡೆಯುವ ಮಿಷಿನ್ ಮುಂದೆ ಕೂರಿಸಲಿದ್ದಾರೆ. ಒಂದು ಗಂಟೆ ಕೈ ಸೋಲದೆ ಕಡೆದರೆ ಹಳೇ ಜಾಗ ಇವರದೇ. ಸೋತರೆ ಬೇರೆಯವರಿಗೆ.

ನಲವತ್ತನಾಲ್ಕರ ಮುನಿರತ್ನಮ್ಮ ಇಪ್ಪತ್ತೆರಡು ವರ್ಷ ಇಲ್ಲಿ ದಿನಕ್ಕೆ ನೂರೈವತ್ತು ಬುಗುರಿ ಕಡೆದವರು. ಅದೊಂದು ದಿನ ಮಿಷಿನ್ನಿನ ಬೆಲ್ಟು ಬಲಗೈ ಎಳೆದುಕೊಂಡಿತು. ಎರಡು ಬೆರಳು ಮಡಚದಾದವು. ಉಳಿ ಹಿಡಿಯಲಾಗದೆ ಪ್ಯಾಕಿಂಗಿಗೆ ಬಂದರು. ದಿನಕ್ಕೆ ಆರುನೂರು ಗೊಂಬೆ ಪೆಟ್ಟಿಗೆಗೆ ತುಂಬುವ ಕೆಲಸ.

"ಕೈನ ಸುಮ್ನೆ ಬುಡ್ಬೇಡಿ, ಏನಾನಾ ಗೀಚ್ತಾ ಇರಿ ಅಂದ್ರು ಡಾಕ್ಟ್ರು. ಬೆರಳು ಬಗ್ಗಾಕಿಲ್ವಲ್ಲ, ಅದ್ಕೇ ಭುಜದಿಂದ ಗೀಚ್ದೆ. ಗೀಚ್ತಾ ಗೀಚ್ತಾ ಜನ ಬಂದ್ಬುಟ್ರು ಸಾ."

ಪಕ್ಕದ ಮಿಷಿನ್ನಿನ ಬೋರಲಿಂಗಯ್ಯನಿಗೆ ಒಂದು ತಕರಾರಿದೆ. ಅವರನ್ನು ಬರೆದ ಚಿತ್ರದಲ್ಲಿ ನಾಲ್ಕು ಕೈ! "ಎರಡ್ರಲ್ಲೇ ಸಾಕಾಗೋಗೈತೆ, ಇವಮ್ಮ ಇನ್ನೆರಡು ಕೊಟ್ಟವ್ಳೆ" ಎಂದು ರೇಗುತ್ತಾರೆ. "ಕೆಲ್ಸ ಮಾಡೋವಾಗ ನೀನು ಹಂಗೇ ಕಾಣ್ತೀಯ ಕಣಣ್ಣ" ಎನ್ನುತ್ತಾರೆ ಮುನಿರತ್ನಮ್ಮ.

ಮೂರು ತಿಂಗಳ ಹಿಂದೆ ರಾಮನಗರದ ಒಂದು ಪ್ರದರ್ಶನಕ್ಕೆ ಹತ್ತು ಚಿತ್ರ ಕೇಳಿದರು. ಆಗ ಒಂದು ಎಡವಟ್ಟಾಯಿತು. ಇಲ್ಲಿ ಗೊಂಬೆಗೆ ಅರಗಿನ ಬಣ್ಣ ಹಚ್ಚಿದ ಮೇಲೆ, ತಿರುಗುವ ಮರಕ್ಕೆ ತಾಳೆಗರಿ ಒತ್ತುತ್ತಾರೆ. ಹೊಳಪು ಬರುವುದು ಆವಾಗಲೇ. ಗರಿ ಒತ್ತದ ಕೆಲಸ ಮುಗಿದ ಲೆಕ್ಕವಲ್ಲ. ಮಾತಾಡುತ್ತ ಕೂತಿದ್ದ ಮುನಿರತ್ನಮ್ಮ ಅದೇ ಅಭ್ಯಾಸದಲ್ಲಿ, ಮುಗಿಸಿದ ಮೂರು ಇದ್ದಿಲ ಚಿತ್ರಗಳಿಗೂ ಗರಿ ಒತ್ತಿ ಎಳೆದುಬಿಟ್ಟರು. ಇದ್ದಿಲೆಲ್ಲ ಪಕ್ಕಕ್ಕೆ ಬಳಿದುಹೋಯಿತು.

"ಅತ್ತೇಬುಟ್ಟೆ. ಈ ಮಾರಮ್ಮ ಬಂದು ಬಗ್ಗಿ ನೋಡಿ, ಅಯ್ಯೋ, ಇವಾಗ ನಡೀತಾ ಇವ್ನಲ್ಲೇ ನಾನು ಅಂದ್ಲು!"

ಉಳಿದ ಏಳಕ್ಕೂ ಬೇಕಂತಲೇ ಗರಿ ಒತ್ತಿದರು. ಪ್ರದರ್ಶನದಲ್ಲಿ ಯಾವ ಬ್ರಷ್ಷು ಅಂತ ಕೇಳಿದವರೇ ಎಲ್ಲ. ಇವರು ನಾಚಿಕೊಂಡು ಹೇಳಲೇ ಇಲ್ಲವಂತೆ.

ಒಂಬತ್ತಾಯಿತು. ಮಿಷಿನ್ ತಿರುಗುತ್ತದೆ. ಎರಡನೇ ತುಂಡಿಗೇ ಉಳಿ ಜಾರುತ್ತದೆ, ಮರ ಹಾರಿ ಗೋಡೆಗೆ ಬಡಿಯುತ್ತದೆ. ಮುನಿರತ್ನಮ್ಮ ಹೊಸ ತುಂಡು ಸಿಕ್ಕಿಸುತ್ತಾರೆ. ಆಮೇಲೆ ಉಳಿಯನ್ನು ಮುಷ್ಟಿಯಲ್ಲಿ ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿ, ಚಿತ್ರ ಬರೆವ ಹಾಗೆಯೇ ಭುಜದಿಂದ ನೂಕುತ್ತಾರೆ. ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳತೊಡಗುತ್ತದೆ. ಗೋಡೆ ಗಡಿಯಾರ ನೋಡುತ್ತಿದ್ದ ಅಸದುಲ್ಲಾ ಅದನ್ನು ನೋಡುವುದನ್ನೇ ಬಿಡುತ್ತಾರೆ. ಹತ್ತು ಗಂಟೆಗೆ ಮಂಕರಿಯಲ್ಲಿ ಹನ್ನೊಂದು ಬುಗುರಿ.

"ನಾಳೆ ಎಂಟೂವರೆಗೆ ಬಂದ್ಬುಡಮ್ಮ, ಲೇಟ್ ಮಾಡ್ಬೇಡ" ಎಂದಷ್ಟೇ ಹೇಳಿ ಅಸದುಲ್ಲಾ ಹೊರಗೆ ಹೋಗುತ್ತಾರೆ. ಮಾರಮ್ಮ ಓಡಿ ಬಂದು ತಬ್ಬಿಕೊಳ್ಳುತ್ತಾರೆ. ಬೋರಲಿಂಗಯ್ಯ ಟೀ ತರಿಸುತ್ತಾರೆ. ಸದ್ಯ, ಬಚಾವ್! ನನಗೇ ಹೋದ ಜೀವ ಬಂದಂತಾಗುತ್ತದೆ.

ಆದರೂ ನನ್ನ ಸ್ವಾರ್ಥ ನನಗೆ. ಹಾಗಾದರೆ ಇನ್ನು ಚಿತ್ರ ಬರೆಯುವುದಿಲ್ಲವೇ ಎಂದು ಕೇಳುತ್ತೇನೆ.

ಮುನಿರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿ ಇನ್ನೊಂದು ತುಂಡು ಮಿಷಿನ್ನಿಗೆ ಕಚ್ಚಿಸುತ್ತಾರೆ. "ಇಷ್ಟ್ ದಿನ ಕುಂತಲ್ಲೇ ಕುಂತು ಕೆಲ್ಸ ಮಾಡೋರ್ನೆಲ್ಲ ಬರ್ದೆ ಸಾ. ಇನ್ಮೇಲೆ ಯಾರಾನಾ ನನ್ನ ಬರ್ಕಳ್ಳಿ."