ಕಿವಿಯಲ್ಲಿ ಹೇಳದ ಹೆಸರು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾರೇನಹಳ್ಳಿಯಲ್ಲಿ ಸೀರೆಗೆ ಫಾಲ್ ಹೊಲಿಯುತ್ತೇನೆ. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ತಮ್ಮನ ಎದುರು ಹೇಳುವುದಕ್ಕಿಂತ ಬರೆಯುವುದು ಸುಲಭ.

ನಮ್ಮ ಅಮ್ಮನ ಹೆಸರು ಅವಳ ಊರಿನ ದೇವಿಯದು. ಹೊಲದಂಚಿನ ಬೇವಿನ ಮರದಡಿಯ ಕಲ್ಲಿಗೂ ಅದೇ ಹೆಸರು, ಊರಿನ ಮನೆಮನೆಯಲ್ಲೂ ಆ ಹೆಸರಿನ ಒಬ್ಬ ಹೆಂಗಸು. ಗುರುತಿಗೆ ದೊಡ್ಡ, ಚಿಕ್ಕ, ಕೆಂಪ ಎಂದು ಮುಂದೆ ಸೇರಿಸುತ್ತಿದ್ದರಂತೆ. ಅಮ್ಮ ಸಾಯುವವರೆಗೂ ಚಿಕ್ಕವಳೇ. ಮನೆತನದ ಹೆಸರು ಎಂಬುದು ನಮ್ಮಲ್ಲಿ ಯಾರಿಗೂ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಅಷ್ಟೇ. ಹಿರಿಯರು ಉಳಿಯಬೇಕೆಂದರೆ ಅವರ ಹೆಸರನ್ನು ಮೊಮ್ಮಕ್ಕಳಿಗೆ ಇಡಬೇಕು.

ನನ್ನ ಮಗಳು ಹುಟ್ಟಿದಾಗ ಅಮ್ಮನನ್ನು ಕೇಳಿದ್ದೆ. ಒಪ್ಪಲಿಲ್ಲ. “ನನ್ನೆಸ್ರು ಮಗನ ಮಗೂಗೆ ಇರ್ಲಿ ಕಣೇ. ನಿನ್ ಮಗು ಆ ಮನೇದು. ನಿಮ್ಮತ್ತೆ ಹೆಸ್ರು ಇಟ್ಕೊ.” ಹಾಗೇ ಆಯಿತು. ಅಮ್ಮ ಕೊನೆಯ ಎರಡು ವರ್ಷ ಮಲಗಿದ್ದು ನನ್ನ ಮನೆಯಲ್ಲಿ. ಗಂಜಿ ಕುಡಿಸಿದ್ದು, ಬಟ್ಟೆ ಬದಲಾಯಿಸಿದ್ದು ನಾನು. ತಮ್ಮ ಭಾನುವಾರ ಬಂದು ಹೋಗುತ್ತಿದ್ದ.

ಅಮ್ಮ ಹೋದ ಮರುವರ್ಷ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ಅವನ ಹೆಂಡತಿ ಫೋನಿನಲ್ಲಿ ಹುಡುಕಿ ಎರಡಕ್ಷರದ ಹೆಸರು ಆರಿಸಿದಳು. ಸಂಸ್ಕೃತವಂತೆ, ಬೆಳಗಿನ ಮೊದಲ ಬೆಳಕು ಎಂದು ಅರ್ಥವಂತೆ.

“ಅತ್ತೆ ಹೆಸ್ರಿಗೆ ಏನಕ್ಕಾ ಅರ್ಥ?” ಎಂದು ನನ್ನನ್ನು ಕೇಳಿದಳು.

“ನಮ್ಮಮ್ಮ ಅಂತ,” ಎಂದೆ. ಅವಳು ನಕ್ಕಳು. ಕೆಟ್ಟ ನಗುವೇನಲ್ಲ.

ಕೊನೆಗೆ ರಾಜಿಯಾಯಿತು. ಜನನ ಪತ್ರಕ್ಕೆ ಅವಳು ಆರಿಸಿದ್ದು, ಕಿವಿಗೆ ಅಮ್ಮನದು. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ನಮ್ಮ ಪದ್ಧತಿ. ಗೋವಿಂದರಾಜನಗರದ ತನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ತಮ್ಮ ನನ್ನ ಕೈ ಹಿಡಿದುಕೊಂಡ. “ಅಕ್ಕ, ಕಿವೀಲಾದ್ರೂ ಅಮ್ಮ ಇರ್ಲಿ. ನೀಟಾಗಿ ಹೇಳು.”

ವೀಳ್ಯದೆಲೆ ಅಡ್ಡ ಹಿಡಿದು ಬಗ್ಗಿದೆ. ಮಗುವಿನ ತಲೆಯಿಂದ ಎಣ್ಣೆಯ ವಾಸನೆ. ನನ್ನ ಮಗಳಿಗೆ ಸಿಗದ್ದು ಇವಳಿಗೇಕೆ ಎಂದುಕೊಂಡೆ. ಮೂರು ಸಲ ತುಟಿ ಆಡಿಸಿದೆ. ದನಿ ಹೊರಡಿಸಲಿಲ್ಲ. ಶಾಸ್ತ್ರದಂತೆ ಹೆಂಗಸರು ಹಿಂದಿನಿಂದ ನನ್ನ ಬೆನ್ನಿಗೆ ಗುದ್ದಿದರು. “ಹಾಕ್ರೇ ಇನ್ನೊಂದು, ರವಿಕೆ ಹರಿದ್ರೆ ಅವ್ಳೇ ಹೊಲ್ಕೋತಾಳೆ!” ಎಂದು ಯಾರೋ ಕೂಗಿದರು. ತಮ್ಮ ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಹೋಗಿ ಹೋಳಿಗೆ ಊಟ ಮಾಡಿದೆ.

ಆಮೇಲೆ ಮಗು ನನ್ನ ಮನೆ ಹೊಸಿಲು ದಾಟಿ ಬಂದಾಗಲೆಲ್ಲ ಅವನು, “ನಮ್ಮಮ್ಮ ಬಂದ್ಲು,” ಎನ್ನುವುದು ರೂಢಿಯಾಯಿತು. ನಾನು ಮೆಷಿನ್ ಕಡೆ ತಿರುಗಿ ದಾರ ಪೋಣಿಸುತ್ತಿದ್ದೆ. ಸೂಜಿಯಲ್ಲಿ ಆಗಲೇ ದಾರ ಇದ್ದರೂ ಕೂಡ.

ಈಗ ಅವಳು ಎರಡನೇ ಕ್ಲಾಸು. ಹೆಸರಿನ ಬಗ್ಗೆ ಬರೆದುಕೊಂಡು ಬರಲು ಟೀಚರ್ ಹೇಳಿದ್ದರಂತೆ. ಹೋದ ಭಾನುವಾರ ಅಪ್ಪನ ಜೊತೆ ಪುಸ್ತಕ ಹಿಡಿದುಕೊಂಡು ಬಂದಳು.

“ಅತ್ತೆ, ನಂಗೊಂದು ಗುಟ್ಟಿನ ಹೆಸ್ರಿದ್ಯಂತೆ. ಹೇಳು.”

“ನಿಮ್ಮಪ್ಪನ್ನ ಕೇಳು.”

“ನೀನೇ ಹೇಳ್ಬೇಕಂತೆ. ಅಪ್ಪ ಹೇಳಿದ್ರೆ ಆಗಲ್ವಂತೆ.”

“ಇನ್ನೊಂದ್ಸಲ ಹೇಳಕ್ಕಾ, ಅದೇನ್ ಬಿಗುಮಾನ ನಿಂದು!” ಎಂದ ತಮ್ಮ, ಕುರ್ಚಿಯಿಂದಲೇ.

ಹುಡುಗಿ ಕೂದಲನ್ನು ಹಿಂದಕ್ಕೆ ಸರಿಸಿ ಕಿವಿ ಕೊಟ್ಟು ನಿಂತಳು. ಬಗ್ಗಿ ಹೇಳಿದೆ, ಮೂರು ಸಲ. ಅಂಗಡಿಯಲ್ಲಿ ದಾರದ ಬಣ್ಣ ಹೇಳಿದ ಹಾಗಿತ್ತು. ನನಗೆ ಏನೂ ಅನ್ನಿಸಲಿಲ್ಲ.

“ಅಷ್ಟೇನಾ?” ಎಂದಳು.

“ಅಷ್ಟೇ.”

“ನೋಡ್ದ್ಯಾ, ಅತ್ತೆ ಮರ್ತೇ ಇಲ್ಲ,” ಎಂದು ತಮ್ಮ ಎದ್ದು ಬಂದು ನನ್ನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದು ಹಾಕಿದ.

ಇನ್ನೊಂದು ಸಲ ಎಂದನಲ್ಲ, ಇದೇ ಮೊದಲು ಎಂದು ಆಗಲಾದರೂ ಹೇಳಬಹುದಿತ್ತು. ಅವನು ನಗುತ್ತಾ ನಿಂತಿದ್ದ. ನಾನು ಅನ್ನಕ್ಕಿಟ್ಟಿದ್ದೆ, ಹೋಗಿ ಉರಿ ಸಣ್ಣ ಮಾಡಿದೆ.