ನದಿ ದಿಕ್ಕು ಬದಲಿಸಿದ ಅಧ್ಯಾಯ

ನನ್ನ ಪಾಪುವನ್ನು ನೋಡಲು ಇವತ್ತು ಹರಿಹರದಿಂದ ಬಂದ ಸುಜಾತಕ್ಕ ಬ್ಯಾಗಿನಿಂದ ಒಂದು ಪುಸ್ತಕ ತೆಗೆದಳು. ಹಳೇ ಕ್ಯಾಲೆಂಡರಿನ ಬೈಂಡು, ಮೈದಾ ಅಂಟಿನ ವಾಸನೆ. ದೊಡ್ಡಪ್ಪನ ಪುಸ್ತಕ!

ದೊಡ್ಡಪ್ಪನಿಗೆ ಒಬ್ಬರೇ ಲೇಖಕರ ಹುಚ್ಚು. ನಾಗರಿಕತೆಗಳು ಹೇಗೆ ಹುಟ್ಟಿದವು, ದೇವರು, ರಾಜ್ಯ ಎಂಬ ವಿಚಾರಗಳು ಮನುಷ್ಯನಿಗೆ ಹೇಗೆ ಹೊಳೆದವು ಎಂದು ಕತೆಯಂತೆ ಬರೆಯುವವರು. ದಾವಣಗೆರೆಯಿಂದ ನಾನು ಶಾಲೆಯ ರಜೆಗೆ ಹರಿಹರದ ಅವರ ಮನೆಗೆ ಹೋದಾಗ ದೊಡ್ಡಪ್ಪ ದಿನಕ್ಕೊಂದು ಅಧ್ಯಾಯ ಜೋರಾಗಿ ಓದುತ್ತಿದ್ದರು. ನಡುವೆ ನಿಲ್ಲಿಸಿ, "ಮುಂದೇನಾಗಿರಬೌದು, ಹೇಳ್ರೇ ನೋಡಾಣ" ಎನ್ನುವುದು ಅವರ ರೂಢಿ. ಮಗಳು ಸುಜಾತಕ್ಕನ ಊಹೆ ತಪ್ಪಾದರೂ "ಭಲೇ!" ಎಂದು ಬೆನ್ನು ತಟ್ಟುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಮುಂದಿನ ಅಧ್ಯಾಯವನ್ನು ಕದ್ದು ಓದಿಟ್ಟುಕೊಂಡೆ. ಅವರು ನಿಲ್ಲಿಸುವ ಮೊದಲೇ, "ನದಿ ದಿಕ್ಕು ಬದಲಿಸ್ತು, ಎಲ್ರೂ ಊರು ಬಿಟ್ಟು ಹೋದ್ರು!" ಎಂದು ಕೂಗಿದೆ.

ದೊಡ್ಡಪ್ಪ ಕನ್ನಡಕ ತೆಗೆದರು. "ನಿಂಗೆ ಗೊತ್ತೈತಲ್ಲವ್ವಾ, ಇನ್ನ ನಾ ಯಾಕ ಓದ್ಲಿ?"

ಪುಸ್ತಕ ಮುಚ್ಚಿದರು. ನಾನು ಊರಿಗೆ ಮರಳಿದ ಮೇಲೆ ಆ ಅಧ್ಯಾಯವನ್ನು ಸುಜಾತಕ್ಕನೊಬ್ಬಳಿಗೇ ಓದಿದರಂತೆ.

ಇವತ್ತು ಅಕ್ಕ ಅದೇ ಅಧ್ಯಾಯ ಓದತೊಡಗಿದಳು. ವಾರದಿಂದ ನನಗೆ ನಿದ್ದೆ ಕೊಡದ, ನನ್ನ ಯಾವ ಜೋಗುಳಕ್ಕೂ ಸುಮ್ಮನಾಗದ ಪಾಪು ಅವಳ ತೊಡೆಯ ಮೇಲೆ ತೂಕಡಿಸತೊಡಗಿತು. ನನ್ನ ಮಗುವಿಗೂ ಇವಳೇ ಬೇಕೇ? ಹಳೇ ಉರಿ ಮತ್ತೆ ಎದ್ದಿತು.

ಅಕ್ಕ ಥೇಟ್ ದೊಡ್ಡಪ್ಪನಂತೆ ನಿಲ್ಲಿಸಿ ನಕ್ಕಳು. "ಮುಂದೇನಾತು, ಹೇಳೇ."

ಪಾಪು ಕಣ್ಣು ಅರೆ ತೆರೆಯಿತು.

"ಗೊತ್ತಿಲ್ಲಕ್ಕ," ಎಂದೆ. "ನೀನೇ ಓದು."